ಗುರುವಾರದ ಬಡಿತ

ಆ ಗುರುವಾರ ಬೆಳಗಿನಿಂದಲೂ ಅವನಿಗೆ ತನ್ನ ಧ್ವನಿಯೇ ಹಿಡಿಸುತ್ತಿರಲಿಲ್ಲ. ಫೋನ್ ಮಾಡಿದ ರೋಗಿಗಳಿಗೆ, ರಿಸೀವರನ್ನು ಡಬ್ಬಿಯ ಮೇಲೆ ಮಲಗಿಸಿ, ನಾನು ಹೇಳುವ ತನಕ ಮಾತಾಡಬೇಡಿ, ಕೈ ಅಲುಗಿಸಬೇಡಿ, ಎನ್ನುವಾಗ ಎಂದಿನ ಮೃದುತನ ಬರುತ್ತಿತ್ತು ನಿಜ. ಆದರೆ ಬೇರೆ ಯಾರದೋ ಅಂಗಿ ತೊಟ್ಟುಕೊಂಡ ಹಾಗೆ ಆ ಮೃದುತನ ಹೆಗಲ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಮೊದಲು ಹರಿದ ಹಾಸಿಗೆಗಳನ್ನು ಒಟ್ಟುತ್ತಿದ್ದ ಕೋಣೆಯಲ್ಲಿ ಅವರ ಘಟಕ. ಎದೆಯೊಳಗೆ ಬಡಿತ ಕಾಯುವ ಯಂತ್ರ, ಪೇಸ್‌ಮೇಕರ್, ಇಟ್ಟುಕೊಂಡವರು ಇನ್ನು ಮೇಲೆ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ, ಮನೆಯಲ್ಲೇ ಕೂತು ಎರಡು ಮಣಿಕಟ್ಟಿಗೂ ಲೋಹದ ಪಟ್ಟಿ ಕಟ್ಟಿಕೊಂಡು ಫೋನ್ ಮಾಡಿದರೆ ಸಾಕು. ಪಟ್ಟಿಯ ತಂತಿ ಹೋಗಿ ಸೇರುವ ಡಬ್ಬಿ ಎದೆಬಡಿತವನ್ನು ಸಿಳ್ಳೆಯಾಗಿ ಮಾಡುತ್ತದೆ. ಸಿಳ್ಳೆ ಫೋನಿನ ತಂತಿಯಲ್ಲಿ ಹರಿದು ಬಂದು ಈ ಕೋಣೆಯಲ್ಲಿ ಮತ್ತೆ ಗೆರೆಯಾಗುತ್ತದೆ, ಸೂಜಿಯಂಥ ಪೆನ್ನು ಅದನ್ನು ಕಾಗದದ ಸುರುಳಿಯ ಮೇಲೆ ಬರೆಯುತ್ತ ಹೋಗುತ್ತದೆ. ಶುರುವಾದ ಹೊಸತರಲ್ಲಿ ಪತ್ರಿಕೆಯವರು ಬಂದು ಅವನ ಫೋಟೋ ತೆಗೆದುಕೊಂಡು ಹೋಗಿದ್ದರು. ಅಚ್ಚಾದದ್ದು ಘಟಕದ ಡಾಕ್ಟರಮ್ಮನ ಪೂರ್ತಿ ಮುಖ, ಅವನ ಒಂದು ಕಿವಿ. ಅಕ್ಕ ಆ ಫೋಟೋ ಕತ್ತರಿಸಿಟ್ಟುಕೊಂಡು, 'ಕಿವಿ ನೋಡಿದ್ರೇ ಗೊತ್ತಾಗುತ್ತೆ ನಮ್ಮನೆಯವನು ಅಂತ' ಎಂದು ನಕ್ಕಿದ್ದಳು. ಆಗ ಅವಳ ಎದೆಯಲ್ಲಿ ಇನ್ನೂ ಯಂತ್ರವಿರಲಿಲ್ಲ. ಆಗ ನಗುವಿತ್ತು.

ತಿಂಗಳ ಮೊದಲ ಗುರುವಾರ ಅಕ್ಕನ ಸರದಿ. ಬೇರೆಯವರ ಕರೆ ಯಾವ ಮೇಜಿಗಾದರೂ ಹೋಗಲಿ, ಅಕ್ಕನದನ್ನು ಅವನೇ ತೆಗೆದುಕೊಳ್ಳುವುದೆಂದು ಕೋಣೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಫೋನ್ ಮಾಡುವವರು ಭಾವ. ಕಾರ್ಖಾನೆಯ ಉಗ್ರಾಣ ನೋಡಿಕೊಂಡು ನಿವೃತ್ತರಾದವರು, ಒಂದು ಮೊಳೆ ಆಚೀಚೆಯಾಗಲು ಬಿಟ್ಟವರಲ್ಲ. 'ಪಟ್ಟಿ ಕಟ್ಟಿದೀನಿ. ಮಲಗಿದಾಳೆ. ಇಡ್ತಿದೀನಿ,' ಎಂದು ಮೂರು ಮಾತು, ಅಷ್ಟೇ. ಆಮೇಲೆ ಸಿಳ್ಳೆ. ಮೊದಲು ಗೆರೆ ತೆಗೆದಾದ ಮೇಲೆ ಅಕ್ಕ ಫೋನಿಗೆ ಬರುತ್ತಿದ್ದಳು. ಮಕ್ಕಳ ಹಲ್ಲು, ಅವನ ಹೆಂಡತಿಯ ಕೆಮ್ಮು ಎಲ್ಲ ವಿಚಾರಿಸಿಕೊಳ್ಳುತ್ತಿದ್ದಳು. ಈಗ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಅವಳು ಅವನ ಮನೆಗೆ ಬಂದು ಹೋದ ಮೇಲೆ ಹೀಗೆ. ಮೊದಲ ಸಲ ಅವನು, 'ಅಕ್ಕ ಮಾತಾಡ್ತಾಳಾ ಭಾವ?' ಎಂದು ಕೇಳಿದಾಗ ಭಾವ, 'ಬೇಡ ಅಂತಿದಾಳೆ,' ಎಂದಿದ್ದರು. ಅವನಿಗೆ ನೋವಾಗಿತ್ತು. ಒಳಗೊಳಗೇ ಒಂದಿಷ್ಟು ಹಗುರವೂ ಆಗಿತ್ತು ಎಂಬುದನ್ನು ತನಗೂ ಹೇಳಿಕೊಂಡಿರಲಿಲ್ಲ. ಮುನಿಸಿಕೊಂಡಿದ್ದಾಳೆ, ಇಳಿಯುತ್ತದೆ. ಅಲ್ಲಿಯ ತನಕ ಈ ಗೆರೆಯಾದರೂ ಇದೆಯಲ್ಲ. ಅವಳು ಮಾತು ಬಿಟ್ಟರೂ ಎದೆ ಮಾತು ಬಿಟ್ಟಿಲ್ಲ ಎಂದುಕೊಂಡು, ಕೆಲಸ ಮುಗಿದ ಮೇಲೂ ಆ ಕಾಗದದ ತುಂಡನ್ನು ಬೆರಳಿನಲ್ಲಿ ಸವರುತ್ತ ಕೂತಿದ್ದುಂಟು. ಗೆರೆ ಸ್ವಲ್ಪ ಅವಸರದಲ್ಲಿದ್ದರೆ, ಇನ್ನೂ ಸಿಟ್ಟು ಹೋಗಿಲ್ಲ. ನಿಧಾನವಾಗಿದ್ದರೆ, ಕರಗುತ್ತಿದ್ದಾಳೆ. ನಡುವೆ ಒಂದೊಂದು ಬಡಿತ ತಪ್ಪಿ ಹೋಗುತ್ತಿತ್ತು, ಹೇಳಬೇಕೆಂದು ಬಾಯಿ ತೆರೆದವರು ಸುಮ್ಮನಾದ ಹಾಗೆ. ಅಲ್ಲಿ ಅವನ ಬೆರಳು ನಿಲ್ಲುತ್ತಿತ್ತು. ಅಕ್ಕ ನನ್ನ ಬಗ್ಗೆ ಯೋಚನೆ ಮಾಡಿದ್ದು ಇಲ್ಲೇ ಇರಬೇಕು ಎನ್ನಿಸುತ್ತಿತ್ತು.

ಇವತ್ತಿನ ಗೆರೆಯಲ್ಲಿ ತಪ್ಪುವ ಬಡಿತಗಳು ಹೆಚ್ಚಾಗಿದ್ದವು. ಒಂದು ಕಡೆಯಂತೂ ನಾಲ್ಕೈದು ಒಟ್ಟಿಗೆ ಮುಗ್ಗರಿಸಿ, ಓಡಿ, ಮತ್ತೆ ಹಾದಿಗೆ ಬಂದಿದ್ದವು. ಅವನು 'ಈಗ ಅಯಸ್ಕಾಂತ ಇಡಿ ಭಾವ,' ಎಂದ. ಅದು ಪರೀಕ್ಷೆಯ ಎರಡನೆಯ ಭಾಗ. ಯಂತ್ರವಿರುವ ಜಾಗದಲ್ಲಿ ಚರ್ಮದ ಮೇಲೆ ಅಯಸ್ಕಾಂತ ಇಟ್ಟ ಕೂಡಲೇ ಯಂತ್ರ ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನದೇ ತಾಳ ಹಿಡಿಯಬೇಕು, ಪ್ರತಿ ಬಡಿತಕ್ಕೂ ಮುಂಚೆ ಗೆರೆಯಲ್ಲಿ ನೆಟ್ಟಗೆ ಒಂದು ಮುಳ್ಳು ಏಳಬೇಕು. ಕೂದಲೆಳೆಯಷ್ಟು ಸಪೂರದ ಆ ಮುಳ್ಳೇ ಯಂತ್ರದ ಸಹಿ. 'ಇಟ್ಟೆ,' ಎಂದರು ಭಾವ. ಗೆರೆ ಬದಲಾಗಲಿಲ್ಲ. ಹೋದ ತಿಂಗಳೂ ಬದಲಾಗಿರಲಿಲ್ಲ, ಅದರ ಹಿಂದಿನ ತಿಂಗಳೂ. ಸರಿಯಾದ ಜಾಗದಲ್ಲಿ ಇಟ್ಟಿರಲಿಕ್ಕಿಲ್ಲ, ಮುನಿಸಿಕೊಂಡವಳಿಗೆ ಇನ್ನೊಂದು ಸಲ ಇಡು, ಸ್ವಲ್ಪ ಕೆಳಗೆ ಸರಿಸು ಎಂದು ಹೇಗೆ ಹೇಳುವುದು ಎಂದು ಅವನು ಎರಡು ಸಲವೂ ಬಿಟ್ಟುಬಿಟ್ಟಿದ್ದ. ಬೇರೆ ಯಾರದೇ ಗೆರೆಯಾಗಿದ್ದರೂ ಹಾಗೆ ಬಿಡುತ್ತಿರಲಿಲ್ಲ. ಈಗಲೂ 'ಎಲ್ಲ ಚೆನ್ನಾಗಿದೆ ಭಾವ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಗಲ ಹಿಂದಿನಿಂದ ಒಂದು ಕೈ ಬಂದು ಕಾಗದವನ್ನು ಎತ್ತಿಕೊಂಡಿತು.

'ಇದ್ಯಾರ್ದು?' ಎಂದರು ಡಾಕ್ಟರಮ್ಮ.

'ನಮ್ಮಕ್ಕಂದು.'

'ಅಯಸ್ಕಾಂತ ಇಟ್ಟಿದಾರಾ?'

'ಇಟ್ಟಿದಾರೆ ಅಂತ ಹೇಳಿದ್ರು.'

'ಒಂದು ಮುಳ್ಳೂ ಇಲ್ಲ. ಯಂತ್ರ ಸತ್ತಿದೆ. ಈ ಬಡಿತಾನೂ ನೆಟ್ಟಗಿಲ್ಲ.' ಅವರು ಕನ್ನಡಕವನ್ನು ಹಣೆಗೇರಿಸಿ ಅವನ ಮುಖ ನೋಡಿದರು. 'ಹೋದ ತಿಂಗಳದ್ದು ನೋಡ್ಲಿಲ್ವಾ ನೀನು? ಸ್ವಂತ ಅಕ್ಕ, ಅಲ್ವಾ?'

ಪಕ್ಕದ ಮೇಜಿನವರು ತಲೆ ತಗ್ಗಿಸಿ ತಮ್ಮ ತಮ್ಮ ಪೆನ್ನುಗಳನ್ನು ನೋಡತೊಡಗಿದರು. ಅವನಿಗೆ ಮೊದಲು ಕಾಣಿಸಿದ್ದು, ಈ ಹೊತ್ತಿನಲ್ಲೂ, ಅವರು ತಲೆ ತಗ್ಗಿಸಿದ್ದು. ಆಮೇಲಷ್ಟೇ 'ಸತ್ತಿದೆ' ಎಂಬ ಮಾತು ಕೇಳಿಸಿತು. ರಿಸೀವರಿನೊಳಗೆ, 'ಭಾವ, ಅಕ್ಕನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ,' ಎಂದ. ಸಿಳ್ಳೆ ನಿಂತಿತು. 'ಯಾಕೆ? ಹೋದ ಸಲ ಚೆನ್ನಾಗಿದೆ ಅಂದ್ಯಲ್ಲ.' 'ಅಕ್ಕನಿಗೆ ಫೋನ್ ಕೊಡಿ.' 'ಮಲಗಿದಾಳೆ.' 'ಎಬ್ಬಿಸಿ!' ಅವನು ಕಿರುಚಿದ್ದ. ಆ ಕಡೆ ಭಾವನ ಉಸಿರು ಮಾತ್ರ ಕೇಳುತ್ತಿತ್ತು, ಏರುತ್ತ, ಇಳಿಯುತ್ತ. ಆಮೇಲೆ, ಬಹಳ ಮರ್ಯಾದೆಯಿಂದ, ಫೋನ್ ಇಟ್ಟ ಸದ್ದು.

ಭಾವನ ಮನೆಗೆ ಹೊರಟು ಟ್ಯಾಕ್ಸಿಯಲ್ಲಿ ಕೂತಾಗ ಬಿಸಿಲು ಮಡಿಲ ಮೇಲೆ ಬಿದ್ದಿತ್ತು. ಚಾಲಕ ಯಾವುದೋ ಸೇತುವೆ ದುರಸ್ತಿಯ ವಿಷಯ ಹೇಳುತ್ತಿದ್ದ, ಅವನು ಹೂಂಗುಟ್ಟುತ್ತಿದ್ದ. ಬೇಸಿಗೆಯ ಆ ದಿನ ಅಕ್ಕ ಅವನ ಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕಂದು ಬಣ್ಣದ ಚೀಲ, ಮೆಟ್ಟಿಲು ಹತ್ತಿ ಬಂದ ಬೆವರು ಮೇಲ್ದುಟಿಯ ಮೇಲೆ. 'ನಾಲ್ಕು ದಿನ ಇದ್ದು ಹೋಗ್ತೀನಿ ಕಣೋ,' ಎಂದಿದ್ದಳು. ಅವನ ಹೆಂಡತಿ ಚೀಲ ಇಸಿದುಕೊಂಡು, ಮಕ್ಕಳನ್ನು ಹಾಲು ತರಲು ಅಟ್ಟಿ, ಒಳಕೋಣೆಯಲ್ಲಿ ಹಾಸಿಗೆ ಬಿಡಿಸಲು ಹೋಗಿದ್ದಳು. ಒಗೆದ ಹೊದಿಕೆಯನ್ನು ಅವಳು ಕೊಡವಿದ ಸದ್ದು ಕೂಡ ಅವನಿಗೆ ನೆನಪಿದೆ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು, ಧ್ವನಿ ತಗ್ಗಿಸಿ, 'ಅಲ್ಲಿ ಉಸಿರು ಕಟ್ಟುತ್ತೆ ಕಣೋ,' ಎಂದಳು. ಅವನು ಏನು ಮಾಡಿದ? ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದ. ಮಲಗಿದಾಗ ಹೆಚ್ಚೋ, ನಡೆದಾಗ ಹೆಚ್ಚೋ ಎಂದು ಕೇಳಿದ. ಕಾಲು ಊದಿಕೊಳ್ಳುತ್ತದೆಯೇ, ರಾತ್ರಿ ಎದ್ದು ಕೂರುತ್ತೀಯಾ ಎಂದು ಕೇಳಿದ. ಅಕ್ಕ ಅವನ ಮುಖವನ್ನೇ ನೋಡುತ್ತ, ಒಂದೊಂದಕ್ಕೂ ಇಲ್ಲ, ಇಲ್ಲ ಎಂದು ಉತ್ತರ ಕೊಟ್ಟಳು, ತರಗತಿಯಲ್ಲಿ ಎದ್ದು ನಿಂತ ಹುಡುಗಿಯ ಹಾಗೆ. ಆಮೇಲೆ ಅವನು ಬುದ್ಧಿ ಹೇಳಿದ. ಇಲ್ಲಿ ಮೆಟ್ಟಿಲು ಜಾಸ್ತಿ, ಇಲ್ಲಿ ಫೋನಿಲ್ಲ, ನಿನ್ನ ಡಬ್ಬಿ ಅಲ್ಲಿದೆ, ಭಾವ ನಿನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ, ಆ ಪುಣ್ಯ ಎಷ್ಟು ಜನಕ್ಕಿದೆ? 'ಹೂಂ, ಕಣ್ಣಲ್ಲಿ ಕಣ್ಣಿಟ್ಟೇ ನೋಡ್ಕೊಳ್ತಾರೆ,' ಎಂದಳು ಅಕ್ಕ. ಅದರಲ್ಲಿ ಏನಿತ್ತೆಂದು ಅವನು ಕೇಳಲಿಲ್ಲ. ಓದು ನಿಂತು ಬೀದಿ ಸುತ್ತುತ್ತಿದ್ದ ಅವನನ್ನು ಕೈಹಿಡಿದು ಈ ಕೆಲಸದ ತರಬೇತಿಗೆ ಸೇರಿಸಿದವರು ಭಾವ. ಅವರ ಮನೆಯಿಂದ ಚೀಲ ಹಿಡಿದು ಬಂದವಳನ್ನು ಇಟ್ಟುಕೊಂಡರೆ ಅವರಿಗೆ ಯಾವ ಮುಖ ತೋರಿಸುವುದು ಎಂಬುದೇ ಅವನ ತಲೆಯಲ್ಲಿತ್ತು. ಸಂಜೆಯೊಳಗೆ ಟ್ಯಾಕ್ಸಿ ಕರೆಸಿ ಕೂರಿಸಿದ್ದ. ಕಿಟಕಿಯೊಳಗೆ ತಲೆ ತೂರಿಸಿ, 'ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಒಂದು ಗೆರೆ ಕಳಿಸು, ನೋಡಿ ಹೇಳ್ತೀನಿ,' ಎಂದಿದ್ದ. ಅಕ್ಕ ಕಳಿಸಿದ್ದಳು. 'ಎಲ್ಲ ನಾರ್ಮಲ್ ಅಕ್ಕ,' ಎಂದು ಅವನು ಖುಷಿಯಿಂದ ಹೇಳಿದ್ದ. ಅಕ್ಕನಿಗೆ ಬಿಡಿಸಿದ ಹಾಸಿಗೆಯನ್ನು ಅವನ ಹೆಂಡತಿ ಆ ರಾತ್ರಿಯೂ ಸುತ್ತಿಡದೆ ಹಾಗೇ ಬಿಟ್ಟಿದ್ದಳು.

ಭಾವನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ನೆಲ ಒರೆಸಿ ಹೊಳೆಯುತ್ತಿತ್ತು. ಚಪ್ಪಲಿಗಳು ಗೋಡೆಗೆ ಮೂತಿ ಮಾಡಿ ಸಾಲಾಗಿ ಕೂತಿದ್ದವು. ಹಜಾರದ ಆರಾಮಕುರ್ಚಿಯಲ್ಲಿ ಭಾವ ಕೂತಿದ್ದರು, ಬರೀ ಬನಿಯನ್ನಿನಲ್ಲಿ. ಎರಡು ಮಣಿಕಟ್ಟಿಗೂ ಲೋಹದ ಪಟ್ಟಿ. ಪಟ್ಟಿಯ ತಂತಿಗಳು ತೊಡೆಯ ಮೇಲೆ ಹಾದು ಡಬ್ಬಿಗೆ ಹೋಗಿದ್ದವು. ಬಿಚ್ಚಲು ಹೋಗಿ ಮರೆತವರಂತೆ ಅವರು ಒಂದು ಕೈಯ ಬೆರಳುಗಳನ್ನು ಇನ್ನೊಂದರ ಪಟ್ಟಿಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅವನು ಅವರನ್ನು ದಾಟಿ ಕೋಣೆಗೆ ನುಗ್ಗಿದ. ಮಂಚದ ಮೇಲೆ ಹೊದಿಕೆ ಒಂದು ಸುಕ್ಕೂ ಇಲ್ಲದೆ ಮಡಚಿತ್ತು. ಅಡುಗೆಮನೆಯಲ್ಲಿ ಒಂದೇ ತಟ್ಟೆ ಬೋರಲು ಬಿದ್ದಿತ್ತು. ಹಿತ್ತಿಲ ಹಗ್ಗದ ಮೇಲೆ ಗಂಡಸಿನ ಬಟ್ಟೆ ಮಾತ್ರ. ಹಗ್ಗವನ್ನು ನೋಡುತ್ತ ನಿಂತವನ ಕಣ್ಣಿಗೆ ಭಾವನ ಕೈಯ ಪಟ್ಟಿಗಳು ಕಟ್ಟಿದವು. ಈಗಷ್ಟೇ ನೋಡಿ ದಾಟಿ ಬಂದಿದ್ದ. ನೋಡಿದ್ದು ಈಗ ತಾಗಿತು. ಬಾಗಿಲ ಚೌಕಟ್ಟು ಹಿಡಿದುಕೊಂಡ.

'ಅಕ್ಕ ಎಲ್ಲಿ?'

ಭಾವ ತಲೆ ಎತ್ತಲಿಲ್ಲ. 'ಹೋದಳು.'

'ಹೋದಳು ಅಂದ್ರೆ?' ಅವನ ಧ್ವನಿ ಸೀಳಿತು. 'ಯಾವಾಗ? ಏನಾಯ್ತು? ನಂಗ್ಯಾಕೆ ಹೇಳ್ಲಿಲ್ಲ?'

'ಅಯ್ಯೋ, ಹಾಗಲ್ಲಯ್ಯ! ಬದುಕಿದಾಳೆ. ಬದುಕಿದಾಳೆ.' ಭಾವ ಗಾಬರಿಯಿಂದ ಕೈ ಎತ್ತಿದರು, ತಂತಿ ಎಳೆದು ಡಬ್ಬಿ ನೆಲಕ್ಕೆ ಬಿತ್ತು. 'ಚೀಲ ತಗೊಂಡು ಹೋದಳು. ನಿಮ್ಮನೆಯಿಂದ ವಾಪಸ್ ಬಂದ ವಾರಕ್ಕೇ. ನಾನು ತರಕಾರಿ ತರಕ್ಕೆ ಹೋಗಿದ್ದೆ. ಬಂದಾಗ ಇರ್ಲಿಲ್ಲ.'

'ಹಾಗಾದ್ರೆ ಫೋನಲ್ಲಿ... ಈ ಮೂರು ತಿಂಗಳೂ...'

ಭಾವ ತಮ್ಮ ಮಣಿಕಟ್ಟು ನೋಡಿಕೊಂಡರು. 'ನಂದು,' ಎಂದರು.

ಅವನು ಕೆಳಗೆ ಕೂತುಬಿಟ್ಟ, ಹೊಳೆಯುವ ನೆಲದ ಮೇಲೆಯೇ. ನಗು ಬರುತ್ತದೇನೋ ಎಂದು ಭಯವಾಯಿತು. ಮೂರು ತಿಂಗಳು ಬೆರಳಲ್ಲಿ ಸವರಿದ ಗೆರೆ, ಸಿಟ್ಟು ಅಂದುಕೊಂಡದ್ದು, ಕರಗಿದ್ದಾಳೆ ಅಂದುಕೊಂಡದ್ದು, ನನ್ನ ಬಗ್ಗೆ ಯೋಚನೆ ಮಾಡಿದ್ದಾಳೆ ಅಂದುಕೊಂಡದ್ದು, ಎಲ್ಲ ಈ ಬನಿಯನ್ನಿನೊಳಗಿನ ನೆರೆತ ಕೂದಲ ಎದೆಯದು. ಯಾರೋ ಅಪರಿಚಿತರ ಹೆಣದ ಮುಂದೆ ಅತ್ತು ಮುಗಿಸಿ ಮುಖದ ಬಟ್ಟೆ ಸರಿಸಿದ ಹಾಗೆ ಅವನಿಗೆ ಮೈಯೆಲ್ಲ ನಾಚಿಕೆ ಹರಿಯಿತು. ಅದರ ಹಿಂದೆಯೇ ಇನ್ನೊಂದು, ಅದಕ್ಕಿಂತ ಕೆಟ್ಟದ್ದು: ಮುಳ್ಳಿಲ್ಲದ ಗೆರೆಯನ್ನು ಮೂರು ಸಲ ನೋಡಿಯೂ ನನಗೆ ತಿಳಿಯಲಿಲ್ಲ. ಅಲ್ಲಿ ಅಕ್ಕ ಇಲ್ಲ ಎಂದು ಗೆರೆ ನೆಟ್ಟಗೆ ಹೇಳುತ್ತಲೇ ಇತ್ತು.

'ಯಾಕೆ ಭಾವ?' ಎಂದ.

'ಫೋನ್ ಮಾಡದಿದ್ರೆ ನೀನು ಬರ್ತಿದ್ದೆ. ಬಂದ್ರೆ ಏನಂತ ಹೇಳ್ಲಿ? ಹೆಂಡತಿ ಬಿಟ್ಟು ಹೋದ್ಲು ಅಂತಾನಾ? ಈ ವಯಸ್ಸಲ್ಲಿ?' ಭಾವ ಒಂದು ಪಟ್ಟಿ ಬಿಚ್ಚಿದರು. ಅದರಡಿಯ ಚರ್ಮ ಬೆಳ್ಳಗೆ, ಒದ್ದೆಯಾಗಿತ್ತು. 'ನಾನೇನು ಕಡಿಮೆ ಮಾಡಿದ್ದೆ ಹೇಳು. ಮೆಟ್ಟಿಲು ಹತ್ತಬೇಡ ಅಂದೆ. ಬಿಸಿಲಿಗೆ ಹೋಗಬೇಡ ಅಂದೆ. ಪಕ್ಕದ ಮನೆಯವರ ಜೊತೆ ಜಾಸ್ತಿ ಮಾತಾಡಬೇಡ, ಆಯಾಸ ಆಗುತ್ತೆ ಅಂದೆ. ಬಾಗಿಲಿಗೆ ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಿದ್ದೆ, ಒಬ್ಬಳೇ ಎಲ್ಲಾದರೂ ಹೋಗಿ ಬಿದ್ದುಗಿದ್ದಾಳು ಅಂತ. ಎಲ್ಲ ಅವಳ ಎದೆಗೋಸ್ಕರ ತಾನೆ? ಆವತ್ತು ಒಂದಿನ ಮರೆತೆ. ಚಿಲಕ ಹಾಕೋದು ಮರೆತೆ.' ಅವರ ಮುಖದಲ್ಲಿ ಕಪಟವಿರಲಿಲ್ಲ. ಲೆಕ್ಕ ತಪ್ಪಿದ್ದೆಲ್ಲೆಂದು ಪ್ರಾಮಾಣಿಕವಾಗಿ ಹುಡುಕುತ್ತಿದ್ದ ಮುಖ. 'ಮೊದಲನೇ ಸಲ ಸುಳ್ಳು ಹೇಳೋದಕ್ಕೇ ಮಾಡಿದ್ದು. ಆಮೇಲೆ ನೀನು ಹೇಳ್ತಿದ್ಯಲ್ಲ, ಎಲ್ಲ ಚೆನ್ನಾಗಿದೆ, ಏನೂ ಯೋಚನೆ ಮಾಡಬೇಡಿ ಅಂತ. ಅದನ್ನ ಕೇಳಿದ್ರೆ ಅವಳು ಒಳಗೇ ಮಲಗಿದಾಳೆ ಅನ್ನಿಸ್ತಿತ್ತು.'

'ಎಲ್ಲಿದಾಳೆ ಈಗ?'

'ನಂಗೆ ಗೊತ್ತಿಲ್ಲ. ಪಕ್ಕದ ಮನೆಯಾಕೆಗೆ ಗೊತ್ತು. ನಂಗೆ ಹೇಳಲ್ಲ.'

ಪಕ್ಕದ ಮನೆಯಾಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಅವನು ಯಾರೆಂದು ಹೇಳುವ ಮೊದಲೇ, 'ತಮ್ಮನಾ?' ಎಂದರು. 'ಕಿವಿ ಹಾಗೇ ಇದೆ.' ಅವರ ನೋಟ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ಮುಗಿಸಿತು. 'ಇಷ್ಟು ದಿನಕ್ಕೆ ಬಂದ್ರಲ್ಲ. ನಂಬರ್ ಕೊಡ್ತೀನಿ, ಆದ್ರೆ ನಿಮ್ಮ ಭಾವನ ಕೈಗೆ ಕೊಡೋ ಹಾಗಿಲ್ಲ, ಆಯ್ತಾ? ಆಣೆ ಮಾಡಿಸ್ಕೊಂಡಿದಾಳೆ ನಿಮ್ಮಕ್ಕ.' ನನ್ನ ಕೈಗೆ ಕೊಡಬಹುದು ಅಂದಿದ್ದಾಳಾ ಎಂದು ಅವನಿಗೆ ಕೇಳಬೇಕೆನ್ನಿಸಿತು. ಕೇಳಲಿಲ್ಲ. ಆಕೆ ತಮ್ಮ ಫೋನನ್ನೇ ಅವನ ಮುಂದೆ ಸರಿಸಿ, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು.

ಬೇರೆ ಊರಿನ ನಂಬರು. ಗಂಟೆ ಬಹಳ ಹೊತ್ತು ಬಾರಿಸಿತು. ಯಾರೋ ಎತ್ತಿದರು, ಹಿಂದೆ ಹೊಲಿಗೆ ಯಂತ್ರಗಳ ಗದ್ದಲ, ಒಬ್ಬರನ್ನೊಬ್ಬರು ಮೀರಿಸಿ ಮಾತಾಡುವ ಹೆಂಗಸರು. ಅಕ್ಕನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಯಾರೂ ಆ ಹೆಸರನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಸಲಿಗೆಯಿಂದ ಕೂಗಿದ್ದನ್ನು ಅವನು ಚಿಕ್ಕಂದಿನ ನಂತರ ಕೇಳಿರಲಿಲ್ಲ.

'ಹಲೋ, ಯಾರು?'

'ನಾನು ಅಕ್ಕ.'

'ಓ!' ಎಂದಳು. 'ಗೊತ್ತಾಯ್ತಾ ಕೊನೆಗೆ?'

'ನಿನ್ನ ಎದೆ... ಯಂತ್ರ...'

'ಚೆನ್ನಾಗಿದೆ ಕಣೋ. ಇಲ್ಲೂ ಆಸ್ಪತ್ರೆ ಇದೆ. ನಡ್ಕೊಂಡೇ ಹೋಗ್ತೀನಿ. ಮೆಟ್ಟಿಲೂ ಇದೆ, ಹತ್ತುತೀನಿ.' ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. 'ಗೆಳತಿಯ ಅಂಗಡಿ. ಸ್ಕೂಲ್ ಮಕ್ಕಳ ಅಂಗಿಗೆ ಕಾಲರ್ ಕೂರಿಸ್ತೀನಿ. ನೀನು ಹೇಗಿದ್ದೀಯ? ಅವಳ ಕೆಮ್ಮು ಹೋಯ್ತಾ?'

ಅವನು ಎಲ್ಲ ಹೇಳಿದ. ಪಟ್ಟಿಗಳು, ಭಾವ, ಮೂರು ಗುರುವಾರಗಳು. ಆಮೇಲೆ ಅಕ್ಕ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು, ತಡೆಯಲಾರದೆ, 'ಅಯ್ಯೋ, ಅಯ್ಯೋ' ಎನ್ನುತ್ತ. ಅವನೂ ನಗಲು ಹೋದ. ಅಷ್ಟರಲ್ಲಿ ನಗು ನಿಂತುಹೋಗಿತ್ತು.

'ನೀನು ಕೇಳಿಸ್ಕೊಂಡ್ಯಾ ಅದನ್ನ? ನಂದು ಅಂತ?'

'ಹೂಂ.'

'ಮೂರು ತಿಂಗಳು?'

'ಹೂಂ.'

ಅವನು ಕಾದ. ತಾನು ದಿನವೂ ಬೇರೆಯವರಿಗೆ ಹೇಳುವ ಹಾಗೆ, ಮಾತಾಡದೆ, ಅಲುಗಾಡದೆ ಕಾದ. ಅವಳು ಬೈಯಲಿ ಎಂದು ಕಾದ. 'ಅಕ್ಕ, ಆವತ್ತು ನಾನು...' ಎಂದು ಶುರು ಮಾಡಿದ.

'ಅದು ಬಿಡು,' ಎಂದಳು ಅಕ್ಕ. ಒರಟಾಗಿ ಅಲ್ಲ, ಕಾಲಿಗೆ ಅಡ್ಡ ಬಂದ ಚೂರು ಬಟ್ಟೆಯನ್ನು ಸರಿಸಿದ ಹಾಗೆ. 'ಅವರ ಗೆರೆ ಹೇಗಿತ್ತು? ಅದನ್ನ ಹೇಳು.'

ಆಗ ಅವನಿಗೆ ಮೈ ಝುಮ್ಮೆಂದಿತು. ಮುಗ್ಗರಿಸಿದ ಬಡಿತಗಳು. ಬೆಳಗಿನಿಂದ ಅವು ಅಕ್ಕನವು, ಆಮೇಲೆ ಮೋಸದವು. ಈಗ ಮೊದಲ ಸಲ ಅವು ಒಬ್ಬ ಮನುಷ್ಯನವಾದವು. ಮೂರು ತಿಂಗಳಿಂದ ಒಬ್ಬನ ಎದೆ ಕೆಡುತ್ತಿರುವುದನ್ನು ಅವನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ, ನೋಡಿ ಎಲ್ಲ ಚೆನ್ನಾಗಿದೆ ಎಂದಿದ್ದ. 'ಚೆನ್ನಾಗಿಲ್ಲ,' ಎಂದ. 'ಅಕ್ಕ, ಅದು ಚೆನ್ನಾಗಿಲ್ಲ.'

'ಹಾಗಾದ್ರೆ ಇಲ್ಲಿ ಏನು ಮಾತಾಡ್ತಾ ನಿಂತಿದ್ದೀಯ? ಕರ್ಕೊಂಡು ಹೋಗು.' ಆಮೇಲೆ, ಬೇರೆ ಧ್ವನಿಯಲ್ಲಿ, 'ನಾನು ಬರಲ್ಲ. ನನ್ನ ಬಾ ಅನ್ನಬೇಡ.'

'ಅನ್ನಲ್ಲ,' ಎಂದ. ಅವಳು ಫೋನ್ ಇಟ್ಟಳು. ಯಂತ್ರಗಳ ಸದ್ದು ಇದ್ದಕ್ಕಿದ್ದಂತೆ ಇಲ್ಲವಾಯಿತು.

ಭಾವ ಇದ್ದಲ್ಲೇ ಇದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಥವಾ ಮೊದಲೂ ಹಾಗೇ ಇತ್ತು, ಅವನು ಈಗ ನೋಡಿದ. 'ಏಳಿ ಭಾವ, ಆಸ್ಪತ್ರೆಗೆ ಹೋಗೋಣ.' 'ಯಾರಿಗೆ?' ಎಂದರು. 'ನಿಮಗೆ.' ಅವರಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. 'ನನ್ನ ಎದೆಗೇನಾಗಿದೆ? ಕಾರ್ಖಾನೆಯಲ್ಲಿ ಒಂದು ದಿನ ರಜೆ ಹಾಕಿದವನಲ್ಲ ನಾನು,' ಎನ್ನುತ್ತ ಎದ್ದವರು ಕುರ್ಚಿಯ ಕೈ ಹಿಡಿದುಕೊಂಡು ನಿಂತರು. ಅಂಗಿ ತೊಡಿಸಬೇಕಾಯಿತು. ಇಪ್ಪತ್ತು ವರ್ಷ ಅವರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರದವನು ಅವರ ತೋಳನ್ನು ಎತ್ತಿ ಅಂಗಿಯ ತೋಳಿನೊಳಗೆ ತೂರಿಸಿದ, ಗುಂಡಿ ಹಾಕಿದ. ಟ್ಯಾಕ್ಸಿಯಲ್ಲಿ ಭಾವ ಕಿಟಕಿಯ ಆಚೆ ನೋಡುತ್ತ ಒಂದೇ ಒಂದು ಮಾತು ಕೇಳಿದರು: 'ಕೇಳಿದ್ಲಾ ನನ್ನ ವಿಷಯ?' ಅವನು ಅವರ ಕಡೆ ತಿರುಗಿದ. ಹಣೆಯ ಬೆವರು ಕಿವಿಯ ಹಿಂದಿನಿಂದ ಕಾಲರಿನೊಳಗೆ ಇಳಿಯುತ್ತಿತ್ತು. 'ಕೇಳಿದ್ಲು,' ಎಂದ. ಭಾವ ತಲೆಯಾಡಿಸಿದರು. ಇನ್ನೂ ಏನಾದರೂ ಇದೆಯೇ ಎಂದು ಕಾದರು. ಇರಲಿಲ್ಲ.

ಅವನು ದಿನವೂ ಹಿಂಬಾಗಿಲಿನಿಂದ ಒಳಹೋಗುವ ಆಸ್ಪತ್ರೆ. ಇವತ್ತು ಮುಂಬಾಗಿಲಿನಿಂದ, ಎಲ್ಲರ ಹಾಗೆ. ಭಾವನನ್ನು ಗಾಲಿಮಂಚದ ಮೇಲೆ ಮಲಗಿಸಿ ಉದ್ದನೆಯ ಓಣಿಯಲ್ಲಿ ತಳ್ಳಿಕೊಂಡು ಹೋದರು. ಅವರ ಪಾದಗಳು ಹೊದಿಕೆಯಿಂದ ಹೊರಗಿದ್ದವು, ಅಗಲವಾಗಿ, ಬೆಳ್ಳಗೆ. ದಾಖಲಾತಿಯ ಕಿಟಕಿಯಲ್ಲಿ ಕೂತಿದ್ದ ಹೆಂಗಸು ತಲೆ ಎತ್ತದೆ ವಯಸ್ಸು ಕೇಳಿದಳು, ವಿಳಾಸ ಕೇಳಿದಳು.

'ನೀವು ಏನಾಗಬೇಕು?'

'ಹೆಂಡತಿಯ ತಮ್ಮ.'

'ಹೆಂಡತಿ ಎಲ್ಲಿದಾರೆ?'

ಅವನು ಬಾಯಿ ತೆರೆದ. ಊರು ಹೇಳಬಹುದಿತ್ತು. ಇಲ್ಲ ಎನ್ನಬಹುದಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ಕೆಮ್ಮಿದರು.

'ಚೆನ್ನಾಗಿದಾಳೆ,' ಎಂದ.

'ಅದಲ್ಲ ರೀ ಕೇಳಿದ್ದು,' ಎಂದಳು ಹೆಂಗಸು, ಈಗ ತಲೆ ಎತ್ತಿ.